ಚೂರಿಗೆ ಹೊಸ ಬಾಯಿ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಮಸೆಗಲ್ಲಿಗೇನು ಕೆಲಸವೆಂದು ಕೆಲವರು ಕೇಳಬಹುದು. ನಾವು ತರ್ಕವನ್ನೇ ಓದಲಿ, ಇತಿಹಾಸವನ್ನೇ ಓದಲಿ, ಎರಡು ಹೊತ್ತೂ ಉಣ್ಣುವುದು ಯಾರೋ ಚೂರಿ ಹಿಡಿದು ಹೆಚ್ಚಿಕೊಟ್ಟ ತರಕಾರಿಯನ್ನು. ಆ ಚೂರಿ ಮೊಂಡಾದರೆ ಹೆಚ್ಚುವವರು ಬಲ ಹಾಕಬೇಕು. ಬಲ ಹಾಕಿದ ಚೂರಿ ಕುಂಬಳಕಾಯಿಯ ಮೇಲೆ ಜಾರಿದರೆ ಎಲ್ಲಿಗೆ ಹೋಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ನಮ್ಮ ವಿದ್ಯಾರ್ಥಿನಿಲಯದ ಅಡಿಗೆಯವರ ಎಡಗೈ ಹೆಬ್ಬೆರಳಿಗೆ ಬಿದ್ದ ಮೂರು ಹೊಲಿಗೆಗಳೇ ನಾನು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ.

"ಇದು ಚೂರಿಯಲ್ಲ ಮೇಷ್ಟ್ರೇ, ಸೌಟು" ಎಂದು ಅವರು ಕೊಟ್ಟ ಚೂರಿಗಳನ್ನು ಮನೆಗೆ ತಂದು ಪರೀಕ್ಷಿಸಿದೆ. ಹಾಗೆಂದು ಅವು ಮಸೆಯದೆ ಬಿಟ್ಟವಲ್ಲ. ತಿಂಗಳಿಗೊಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ಯಂತ್ರದ ಚಕ್ರಕ್ಕೆ ಕೊಟ್ಟು, ಕಿಡಿ ಹಾರಿಸಿ ತಂದವೇ. ದೋಷವಿದ್ದುದು ಕೋನದಲ್ಲಿ. ಅಲಗಿನ ಎರಡು ಮುಖಗಳೂ ಅಂಚಿನ ಬಳಿ ಇಳಿಜಾರಾಗಿ ಬಂದು ಒಂದು ಗೆರೆಯಲ್ಲಿ ಕೂಡುತ್ತವೆ. ಆ ಗೆರೆಯೇ ಬಾಯಿ. ಒಂದೊಂದು ಮುಖಕ್ಕೂ ೧೫ರಿಂದ ೨೦ ಡಿಗ್ರಿ ಕೋನವಿದ್ದರೆ ತರಕಾರಿಗೆ ಒಪ್ಪುತ್ತದೆ. ಈ ಚೂರಿಗಳಲ್ಲಿ ಅದು ೨೫ಕ್ಕೆ ಮುಟ್ಟಿತ್ತು. ಮಸೆದಂತೆಲ್ಲ ಬಾಯಿ ಬೆನ್ನಿನ ಕಡೆಗೆ, ಎಂದರೆ ಅಲಗಿನ ದಪ್ಪ ಭಾಗದ ಕಡೆಗೆ, ಸರಿಯುತ್ತದೆ. ಅದಕ್ಕೆ ತಕ್ಕಂತೆ ಇಳಿಜಾರನ್ನೂ ಹಿಂದಕ್ಕೆ ಒಯ್ಯದೆ ಅಂಚನ್ನಷ್ಟೇ ಉಜ್ಜುತ್ತ ಬಂದರೆ ಬಾಯಿ ಬೆಣೆಯಂತಾಗುತ್ತದೆ. ಬೆಣೆಯಂಥ ಚೂರಿ ಗಜ್ಜರಿಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ.

ಇಂಥ ಚೂರಿಗೆ ಬರಿಯ ಮಸೆತ ಸಾಲದು. ಕೋನವನ್ನೇ ತಿದ್ದಿ ಹೊಸ ಬಾಯಿ ಕಟ್ಟಬೇಕು. ಆ ಕೆಲಸ ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಅಲಗು ೨೦ ಸೆಂ.ಮೀ. ಉದ್ದ, ಇಳಿಜಾರು ಆರಂಭವಾಗುವಲ್ಲಿ ಅರ್ಧ ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. ೨೫ ಡಿಗ್ರಿಯಲ್ಲಿ ಇಳಿಜಾರಿನ ಅಗಲ ಸುಮಾರು ೦.೬ ಮಿ.ಮೀ.; ೧೫ ಡಿಗ್ರಿಯಲ್ಲಿ ೧ ಮಿ.ಮೀ.ಗೆ ತುಸು ಕಡಿಮೆ. ಈ ತಿದ್ದುಪಡಿಗಾಗಿ ಎರಡು ಮುಖಗಳಿಂದಲೂ ತೆಗೆಯಬೇಕಾದ ಉಕ್ಕು ಸುಮಾರು ೨೦ ಘನ ಮಿ.ಮೀ.; ತೂಕದಲ್ಲಿ ೧೫೦ ಮಿಲಿಗ್ರಾಂ. ಕೇಳುವುದಕ್ಕೆ ಒಂದು ಚಿಟಿಕೆಯೂ ಅಲ್ಲ. ಆದರೆ ನುಣುಪು ಕಲ್ಲಿನ ಮೇಲೆ ಇಷ್ಟನ್ನು ಉದುರಿಸಹೊರಟವರಿಗೆ ಬೆಳಗಿನ ಹೊತ್ತೆಲ್ಲ ಅದಕ್ಕೇ ಆಗುತ್ತದೆ. ಕೈ ಬಳಲುತ್ತದೆ, ಕೋನ ತಪ್ಪುತ್ತದೆ, ಇಳಿಜಾರು ದುಂಡಗಾಗುತ್ತದೆ. ಒರಟು ಕಲ್ಲು ಬೇಕಾಗುವುದು ಇದಕ್ಕೇ.

ನಮ್ಮ ಹಿರಿಯರ ಸಾಣೆ ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ್ದು. ದ್ರಾವಿಡ ನುಡಿಗಳ ಆ ಮಾತೇ ಇಂಗ್ಲಿಷಿಗೆ ಹೋಗಿ 'ಕೊರಂಡಮ್' ಆಯಿತು. ೧೮೯೧ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಎಂಬಾತ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ಕಂಡುಹಿಡಿದ. ಅದು ಕುರುಂದಕ್ಕಿಂತ ಕಠಿಣ. ಇವೆರಡಕ್ಕೂ ಎಷ್ಟೋ ಪಾಲು ಮಿಗಿಲಾದದ್ದು ವಜ್ರ. ಅದು ಅಡಿಗೆಮನೆಗೆ ಬರಲು ಸಾಧ್ಯವಾದದ್ದು ೧೯೫೪ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದವರು ಕೃತಕ ವಜ್ರವನ್ನು ತಯಾರಿಸಿ ದಾರಿ ತೋರಿದ ಮೇಲೆ. ಮೆದು ಉಕ್ಕಿನ ಅಗ್ಗದ ಚೂರಿಗೆ ವಜ್ರವೇ ಆಗಬೇಕೆಂದೇನಿಲ್ಲ. ಕಾರ್ಬೊರಂಡಮ್ ಕಲ್ಲೂ ಅದನ್ನು ತಿನ್ನುತ್ತದೆ. ಆದರೆ ಒರಟು ಕಲ್ಲುಗಳು ಬೇಗ ಸವೆದು ನಡುವೆ ಹಳ್ಳ ಬೀಳುತ್ತವೆ, ಹಳ್ಳದ ಮೇಲೆ ಕೋನ ನಿಲ್ಲುವುದಿಲ್ಲ. ವಜ್ರದ ಹಲಗೆಗೆ ಈ ಕಾಟವಿಲ್ಲ. ನನ್ನ ಮಟ್ಟಿಗೆ ವಜ್ರದ ಕಾಠಿಣ್ಯಕ್ಕಿಂತಲೂ ಈ ಸಮತಟ್ಟೇ ದೊಡ್ಡ ಗುಣ. ಇನ್ನು ವನೇಡಿಯಂ ಹೆಚ್ಚಾಗಿ ಬೆರೆತ ಹೊಸ ಬಗೆಯ ಉಕ್ಕುಗಳಾದರೆ, ಅವುಗಳೊಳಗಿನ ಕಣಗಳು ಕುರುಂದಕ್ಕಿಂತ ಗಟ್ಟಿ. ಅಲ್ಲಿ ವಜ್ರ ಬೇಕೇ ಬೇಕು.

ಅಂಗಡಿಯಲ್ಲಿ ಕಲ್ಲಿನ ಮೇಲೆ ಒಂದು ಸಂಖ್ಯೆ ಇರುತ್ತದೆ. ಅದು ಜರಡಿಯ ಲೆಕ್ಕ: ಒಂದು ಅಂಗುಲದಲ್ಲಿ ಎಷ್ಟು ಕಣ್ಣುಗಳಿರುವ ಜರಡಿಯಲ್ಲಿ ಪುಡಿ ಸೋಸಿತು ಎಂಬುದು. ಸಂಖ್ಯೆ ಹೆಚ್ಚಿದಂತೆ ಹರಳು ಸಣ್ಣದು. ೧೨೦ರ ಕಲ್ಲಿನ ಹರಳು ಸುಮಾರು ೧೨೦ ಮೈಕ್ರಾನ್, ೨೨೦ರದು ೬೦, ೩೨೫ರದು ೪೫, ೬೦೦ರದು ೨೫. ಸಾವಿರ ಮೈಕ್ರಾನಿಗೆ ಒಂದು ಮಿ.ಮೀ. ಎಲ್ಲ ತಯಾರಕರ ಸಂಖ್ಯೆಗಳೂ ಒಂದೇ ತೂಕದವಲ್ಲವಾದ್ದರಿಂದ ಮೈಕ್ರಾನನ್ನು ಕೇಳಿಕೊಳ್ಳುವುದು ಮೇಲು.

ಎಲ್ಲಕ್ಕಿಂತ ಒರಟಾದದ್ದನ್ನೇ ಕೊಂಡರಾಯಿತೆಂಬುದು ಸುಲಭವಾದ ಯೋಚನೆ, ಆದರೆ ದುಬಾರಿಯಾದದ್ದು. ದೊಡ್ಡ ಹರಳು ಉಕ್ಕನ್ನು ಬೇಗ ತೆಗೆಯುವಂತೆಯೇ ಆಳವಾದ ಗೀರುಗಳನ್ನೂ ಬಿಟ್ಟುಹೋಗುತ್ತದೆ. ಅವನ್ನು ಅಳಿಸುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿದ್ಯಾರ್ಥಿನಿಲಯದಂತೆ ಐದಾರು ದಪ್ಪ ಚೂರಿಗಳನ್ನು ತಿದ್ದಬೇಕಾದರೆ ೧೨೦ ಅಥವಾ ೧೪೦ರ ಕಲ್ಲು ತಕ್ಕುದು. ಮನೆಯ ಒಂದು ತೆಳು ಚೂರಿಗೆ ೨೨೦ ಸಾಕು. ಯಾವುದನ್ನು ಕೊಂಡರೂ ಅದರ ಗೀರನ್ನು ಅಳಿಸಬಲ್ಲ ಮುಂದಿನ ಕಲ್ಲನ್ನೂ, ಎಂದರೆ ೩೨೫ ಅಥವಾ ೪೦೦ರದನ್ನು, ಜೊತೆಗೇ ಕೊಳ್ಳಬೇಕು. ೧೨೦ರಿಂದ ನೇರವಾಗಿ ೧೨೦೦ಕ್ಕೆ ಹಾರಿದರೆ ಗೀರುಗಳು ಹಾಗೆಯೇ ಉಳಿದು ಮೇಲೆ ಮಾತ್ರ ಹೊಳಪು ಬರುತ್ತದೆ.

ಹಲಗೆ ದೊಡ್ಡದಿರಲಿ: ೮ ಅಂಗುಲ ಉದ್ದ, ೩ ಅಂಗುಲ ಅಗಲ. ಅಂಗೈಯಗಲದ ಕಲ್ಲಿನ ಮೇಲೆ ಉದ್ದನೆಯ ಅಲಗು ಕುಣಿಯುತ್ತದೆ. ಕೊಳ್ಳುವಾಗ ಉಕ್ಕಿನ ಅಳತೆಪಟ್ಟಿಯೊಂದನ್ನು ಅಂಚಿನ ಮೇಲೆ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ; ನಡುವೆ ಬೆಳಕು ಇಣುಕಿದರೆ ಕೆಳಗಿಟ್ಟುಬಿಡಿ. ತೆಳುವಾದ ತಗಡಿನ ಮೇಲೆ ಮಾಡಿದ ಅಗ್ಗದ ಕಲ್ಲುಗಳಲ್ಲಿ ಈ ದೋಷ ಹೆಚ್ಚು. ಸಾಮಾನ್ಯವಾಗಿ ಸಿಕ್ಕುವ ಹಲಗೆಗಳಲ್ಲಿ ಉಕ್ಕಿನ ಮೇಲೆ ಒಂದೇ ಪದರ ವಜ್ರವನ್ನು ನಿಕಲ್ ಲೇಪದಿಂದ ಹಿಡಿಸಿರುತ್ತಾರೆ. ವಜ್ರ ಸವೆಯುವುದು ಕಡಿಮೆ. ಒತ್ತಿ ತಿಕ್ಕಿದಾಗ ನಿಕಲ್ಲಿನಿಂದ ಕಿತ್ತುಬರುತ್ತದೆ. ಆ ಪದರ ಹೋದರೆ ಕಲ್ಲೂ ಹೋಯಿತು. ಆದ್ದರಿಂದ ಚೂರಿಯ ತೂಕಕ್ಕಿಂತ ತುಸು ಹೆಚ್ಚಿನ ಒತ್ತಡ ಸಾಕು. ಹಲವು ಪದರಗಳ, ವಜ್ರವನ್ನು ಲೋಹದಲ್ಲೋ ರಾಳದಲ್ಲೋ ಬೆರೆಸಿದ ಕಲ್ಲುಗಳೂ ಉಂಟು. ಅವು ಬಹುಕಾಲ ಬರುತ್ತವೆ, ಬೆಲೆಯೂ ಹಾಗೆಯೇ. ಬರಿಯ ಒರಟು ಕೆಲಸಕ್ಕೆ ಅಷ್ಟು ಹಣ ಸುರಿಯುವುದು ನನಗೆ ಸರಿಕಾಣದು.

ಹೊಸ ಕಲ್ಲಿನಲ್ಲಿ ಕೆಲವು ಹರಳುಗಳು ಮೇಲೆದ್ದಿರುವುದರಿಂದ ಮೊದಮೊದಲು ಗೀರು ಹೆಚ್ಚು. ಒಳ್ಳೆಯ ಚೂರಿಯನ್ನು ಮೊದಲಿಗೇ ಇಕ್ಕಬೇಡಿ, ಹಳೆಯದೊಂದನ್ನು ಬಲಿಗೊಡಿ! ಕೋನಕ್ಕೆ ಯಂತ್ರ ಬೇಡ. ಬಾಯಿಯಿಂದ ಬೆನ್ನಿಗೆ ೪೫ ಮಿ.ಮೀ. ಅಗಲವಿರುವ ಅಲಗಿನ ಬೆನ್ನನ್ನು ಕಲ್ಲಿನಿಂದ ೧೨ ಮಿ.ಮೀ. ಎತ್ತಿದರೆ ೧೫ ಡಿಗ್ರಿ ಆಗುತ್ತದೆ. ಇಳಿಜಾರಿಗೆ ಶಾಯಿ ಬಳಿದು ನಾಲ್ಕು ಸಲ ಎಳೆದು ನೋಡಿ; ಶಾಯಿ ಎಲ್ಲಿ ಹೋಯಿತೋ ಅಲ್ಲಿ ಕಲ್ಲು ಮುಟ್ಟಿದೆ. ಬೆನ್ನಿನ ಕಡೆಯಿಂದ ಶಾಯಿ ಅಳಿಯುತ್ತ ಬಂದು ಬಾಯಿಗೆ ಕೂದಲೆಳೆಯಷ್ಟು ಉಳಿದಾಗ ಒರಟು ಕಲ್ಲನ್ನು ನಿಲ್ಲಿಸಿ ಮುಂದಿನದನ್ನು ಹಿಡಿಯಬೇಕು. ಬಾಯಿಯವರೆಗೂ ಒರಟು ಕಲ್ಲೇ ಹೋದರೆ ಅಂಚಿನಲ್ಲಿ ದೊಡ್ಡ ಸಿಬಿರೇಳುತ್ತದೆ. ಅದನ್ನು ತೆಗೆಯುವುದು ಇನ್ನೊಂದು ಕೆಲಸ.

ತೆಂಗಿನಕಾಯಿ ಒಡೆಯುವ ಮಚ್ಚಿಗೆ ಈ ಉಪಚಾರ ಸಲ್ಲದು. ತೆಳು ಬಾಯಿ ಚಿಪ್ಪಿಗೆ ಬಡಿದು ಮುಕ್ಕಾಗುತ್ತದೆ. ಗರಗಸದ ಬಾಯಿಯವನ್ನೂ, ಒಂದೇ ಮುಖಕ್ಕೆ ಇಳಿಜಾರಿರುವ ಜಪಾನಿ ಚೂರಿಗಳನ್ನೂ ಮುಟ್ಟಬೇಡಿ.

ಎಣ್ಣೆ ಬೇಡ, ನೀರು ಚಿಮುಕಿಸಿದರೆ ಸಾಕು. ಕೈಯಲ್ಲಿ ಮಸೆಯುವಾಗ ಶಾಖ ಏರದಾದ್ದರಿಂದ, ಯಂತ್ರದ ಚಕ್ರದಲ್ಲಿ ಅಂಚು ನೀಲಿಗಟ್ಟಿ ಹದ ಕೆಡುವಂತೆ ಇಲ್ಲಿ ಕೆಡುವ ಭಯವಿಲ್ಲ. ಮುಗಿದ ಮೇಲೆ ಕಲ್ಲಿಗೆ ಹತ್ತಿದ ಉಕ್ಕಿನ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒರೆಸಿ, ಒಣಗಿಸಿಡಬೇಕು. ಇಲ್ಲದಿದ್ದರೆ ಮಾರನೆಯ ದಿನ ಅದೇ ಪುಡಿ ತುಕ್ಕಾಗಿ ಹರಳುಗಳ ಸಂದಿಯಲ್ಲಿ ಕೂತಿರುತ್ತದೆ.