ಸವೆದ ಚಪ್ಪಲಿ ಜಾರುವುದೇಕೆ?

ಪ್ರಶ್ನೆ: ಒಣ ನೆಲದಲ್ಲಿ ಗಟ್ಟಿಯಾಗಿ ನಿಲ್ಲುವ ಹವಾಯಿ ಚಪ್ಪಲಿ ಹೊಳೆಯ ಮೆಟ್ಟಿಲ ಮೇಲೆ ಜಾರುವುದೇಕೆ? ಮಂಜುಗಡ್ಡೆಯ ಮೇಲೂ ಇದೇ ಕಾರಣವೇ? – ಓದುಗರು, ಹೊನ್ನಾಳಿ

ಕಲ್ಲು ಎಷ್ಟೇ ನುಣುಪಾಗಿ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿರುತ್ತವೆ. ಮೈಭಾರ ಬಿದ್ದಾಗ ಮೆತ್ತನೆಯ ರಬ್ಬರು ಅವುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ನಡುವೆ ನೀರಿನ ಪೊರೆ ನಿಂತರೆ ಈ ಹಿಡಿತ ತಪ್ಪಿತು. ಹೆಜ್ಜೆ ಊರಿದ ಅರೆಕ್ಷಣದಲ್ಲೇ ಆ ನೀರು ಪಕ್ಕಕ್ಕೆ ಸರಿಯಬೇಕು. ಅಟ್ಟೆಯಲ್ಲಿ ಗೀರುಗಳಿರುವುದು ಇದಕ್ಕೇ. ಚನ್ನಗಿರಿಯ ಅಡಿಕೆ ತೋಟದ ಬಸಿಗಾಲುವೆಯಂತೆ ಅವು ನೀರನ್ನು ಹೊರಗೆ ಸಾಗಿಸುತ್ತವೆ. ಹಿಮ್ಮಡಿಯ ಕಡೆ ಗೀರು ಸವೆದು ಹೋದರೆ ನೀರಿಗೆ ದಾರಿಯಿಲ್ಲ, ಕಾಲು ಅದರ ಮೇಲೆ ತೇಲುತ್ತದೆ.

ತುಂಗಭದ್ರೆಯ ಮೆಟ್ಟಿಲ ಪಾಚಿ ಇನ್ನೂ ಅಪಾಯ. ಅದರ ಲೋಳೆ ನೀರಿಗಿಂತ ಮಂದ, ಸುಲಭವಾಗಿ ಪಕ್ಕಕ್ಕೆ ಸರಿಯದು. ಅಲ್ಲಿ ಹೊಸ ಚಪ್ಪಲಿಯನ್ನೂ ನಂಬಬೇಡಿ. ಎರೆಹೊಲದ ಕೆಸರಂತೂ ಗೀರುಗಳಲ್ಲೇ ಮೆತ್ತಿಕೊಂಡು ಹೊಸ ಅಟ್ಟೆಯನ್ನೂ ಸವೆದದ್ದರ ಹಾಗೆ ಮಾಡಿಬಿಡುತ್ತದೆ.

ಮಂಜುಗಡ್ಡೆಯದೂ ಬಹುಮಟ್ಟಿಗೆ ಇದೇ ಕಥೆ. ಉಷ್ಣಾಂಶ 0 ಡಿಗ್ರಿಗಿಂತ ಕೆಳಗಿದ್ದರೂ ಅದರ ಮೇಲ್ಮೈಯ ಅಣುಗಳು ಸಡಿಲವಾಗಿ, ನೀರಿನಂಥ ತೀರಾ ತೆಳುವಾದ ಪದರವಿರುತ್ತದೆ. ಮೇಲಾಗಿ, ಚಳಿಗೆ ಸಾಮಾನ್ಯ ರಬ್ಬರು ಗಡುಸಾಗಿ ಕಚ್ಚುವ ಗುಣ ಕಳೆದುಕೊಳ್ಳುತ್ತದೆ. ಹಾಗಾಗಿ ಹಿಮ ಬೀಳುವ ಊರುಗಳಲ್ಲಿ ಚಳಿಯಲ್ಲೂ ಮೆತ್ತಗಿರುವ ರಬ್ಬರಿನ ಬೂಟು ಹಾಕುತ್ತಾರೆ, ಇಲ್ಲವೇ ಅಟ್ಟೆಗೆ ಉಕ್ಕಿನ ಮುಳ್ಳು ಕಟ್ಟಿಕೊಳ್ಳುತ್ತಾರೆ.