ಎಣ್ಣೆಯೂ ಫಿಲ್ಟರೂ

ನಮ್ಮೂರು ಮಾಕಳಿ ತುಮಕೂರು ರಸ್ತೆಯ ಮೇಲಿದೆ. ನನ್ನ ಅಣ್ಣ ಬಾಡಿಗೆ ಕಾರು ಓಡಿಸಿ ನನ್ನನ್ನು ಓದಿಸುತ್ತಿದ್ದಾನೆ. ಹೋದ ವರ್ಷ ಆ ಕಾರಿನ ಎಂಜಿನ್ ಕೆಟ್ಟು, ನನ್ನ ಶುಲ್ಕಕ್ಕೂ ಸಾಲ ಮಾಡಬೇಕಾಯಿತು. ಬೆಲೆಬಾಳುವ ಸಿಂಥೆಟಿಕ್ ಎಣ್ಣೆ ಹಾಕಿಸಿದ್ದರೂ ಹೀಗೇಕಾಯಿತು? ಎಂಜಿನ್ ಬಿಚ್ಚಿದ ಮೇಸ್ತ್ರಿ ಕಾರಣ ತೋರಿಸಿದರು: ಹಣ ಉಳಿಸಲೆಂದು ಅಣ್ಣ ಮೂರು ಸಲವೂ ಹಳೆಯ ಫಿಲ್ಟರನ್ನೇ ಬಿಟ್ಟಿದ್ದ. ತೊಳೆಯದ ಗಡಿಗೆಗೆ ಹೊಸ ಹಾಲು ಹೊಯ್ದಂತಾಗಿತ್ತು.

ಸಾಧಾರಣ ಖನಿಜ ತೈಲದಲ್ಲಿ ಅಣುಗಳ ಗಾತ್ರ ಹಲವು ಬಗೆ. ಸಿಂಥೆಟಿಕ್ ಎಣ್ಣೆಯಲ್ಲಿ ರಾಸಾಯನಿಕ ಕ್ರಿಯೆಯಿಂದ ಅವನ್ನು ಬಹುಮಟ್ಟಿಗೆ ಏಕರೂಪಗೊಳಿಸಿರುತ್ತಾರೆ. ಆದುದರಿಂದ ಅದು ಕಾವಿಗೆ ಬೇಗ ಕೆಡದು. ಡಬ್ಬಿಯ ಮೇಲಿನ '5ಡಬ್ಲ್ಯು-30' ಎಂಬುದರಲ್ಲಿ ಡಬ್ಲ್ಯು ಚಳಿಗಾಲದ ಗುರುತು. 5 ಎಂಬುದು ಚಳಿಯಲ್ಲಿ ಎಣ್ಣೆ ಹರಿಯುವ ಗುಣವನ್ನೂ, 30 ಎಂಬುದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದರ ಮಂದತೆಯನ್ನೂ ಸೂಚಿಸುತ್ತವೆ. ಮಂದವಾದಷ್ಟೂ ಮೇಲೆಂಬುದು ತಪ್ಪು ತಿಳಿವಳಿಕೆ. ಕಾರಿನ ಕೈಪಿಡಿ ಹೇಳಿದ ಅಂಕಿಯೇ ಪ್ರಮಾಣ.

ಇನ್ನು ಫಿಲ್ಟರು. ಅದರೊಳಗಿನ ಮಡಿಕೆ ಮಡಿಕೆಯಾದ ಪದರವು ಮಸಿಯನ್ನೂ ಲೋಹದ ಪುಡಿಯನ್ನೂ ಹಿಡಿಯುತ್ತದೆ. ಅದು ಕಟ್ಟಿಕೊಂಡರೆ ಚಿಕ್ಕ ಕವಾಟವೊಂದು ತೆರೆದು, ಸೋಸದ ಎಣ್ಣೆಯನ್ನೇ ಎಂಜಿನ್ನಿಗೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆ ಎಣ್ಣೆ ಲೇಸೆಂಬುದು ಅದರ ನ್ಯಾಯ. ಚಾಲಕನಿಗೆ ಸುಳಿವೂ ಸಿಗದು.

ಪೀಣ್ಯದಿಂದ ನೆಲಮಂಗಲದವರೆಗಿನ ಧೂಳು, ನಿಂತು ನಿಂತು ಸಾಗುವ ವಾಹನಗಳ ಸಾಲು ನಮಗೆಲ್ಲ ಪರಿಚಿತವಷ್ಟೆ. ಇಂಥ ಓಡಾಟವನ್ನು ಕೈಪಿಡಿಗಳು ಕಠಿಣ ಬಳಕೆಯೆಂದೆಣಿಸಿ, ಎಣ್ಣೆಯನ್ನೂ ಫಿಲ್ಟರನ್ನೂ ಅವಧಿಗೆ ಮೊದಲೇ ಬದಲಿಸಲು ಹೇಳುತ್ತವೆ. ಧೂಳು ತಡೆಯುವ ಗಾಳಿಯ ಫಿಲ್ಟರನ್ನೂ ಮರೆಯಬಾರದು.

ಈಗ ಅಣ್ಣ ಎಣ್ಣೆಯೊಡನೆ ಫಿಲ್ಟರನ್ನೂ ತಪ್ಪದೆ ಬದಲಿಸುತ್ತಾನೆ. ತಾರೀಖನ್ನೂ ಕಿಲೋಮೀಟರನ್ನೂ ಬರೆದಿಡುವ ಕೆಲಸ ನನ್ನದು.