ಹೊರಗೆ ಕಳಿಸಿದಷ್ಟೂ ಮರಳಿ ಬಂದ ಸಾಂಗ್!

ಮೊದಲಿಗೆ ಒಂದು ಪ್ರಶ್ನೆ. 1930ರಿಂದ 2022ರವರೆಗಿನ ಫುಟ್‌ಬಾಲ್ ವಿಶ್ವಕಪ್‌ಗಳನ್ನೆಲ್ಲ ಲೆಕ್ಕಕ್ಕೆ ತಗೊಳ್ಳಿ. ಎರಡು ಬೇರೆ ಬೇರೆ ವಿಶ್ವಕಪ್‌ಗಳಲ್ಲಿ ರೆಡ್ ಕಾರ್ಡ್ ಪಡೆದು ಹೊರನಡೆದವರು ಎಷ್ಟು ಮಂದಿ?

ಇಪ್ಪತ್ತು? ಹತ್ತು? ಹೋಗಲಿ, ಐದು?

ಇಬ್ಬರೇ!

ಒಬ್ಬರು ಯಾರೆಂದು ನೀವು ಆಗಲೇ ಊಹಿಸಿರುತ್ತೀರಿ. ಫ್ರಾನ್ಸಿನ ಜಿನೆದಿನ್ ಜಿದಾನ್. 2006ರ ಬರ್ಲಿನ್ ಫೈನಲ್‌ನಲ್ಲಿ ಇಟಲಿಯ ಮಾಟೆರಾಜಿ ಎದೆಗೆ ತಲೆಯಿಂದ ಗುದ್ದಿದ್ದನ್ನು ಮರೆಯುವುದುಂಟೇ? 1998ರಲ್ಲಿ ಸೌದಿ ಅರೇಬಿಯಾ ವಿರುದ್ಧವೂ ಅವರು ಹೊರಬಿದ್ದಿದ್ದರು.

ಇನ್ನೊಬ್ಬರು? ಯೋಚಿಸಿ. ಜಿದಾನ್‌ಗಿಂತ ಎಂಟು ವರ್ಷ ಮೊದಲೇ ಈ ದಾಖಲೆ ಬರೆದವರು. ಡಿಫೆಂಡರ್. ಉದ್ದನೆಯ ಜಡೆಕೂದಲು. ಆಫ್ರಿಕಾದವರು.

ಕ್ಯಾಮರೂನಿನ ರಿಗೊಬರ್ಟ್ ಸಾಂಗ್!

ರೆಡ್ ಕಾರ್ಡಿನ ಸಂಗತಿ ಬರೀ ಬಾಗಿಲು. ಒಳಗೆ ಹೋದರೆ ಕೋಣೆಯ ಮೇಲೆ ಕೋಣೆ. ಪ್ರತಿ ಕೋಣೆಯಲ್ಲೂ ಒಂದು ಅಚ್ಚರಿ. ಬನ್ನಿ.

1994ರ ಜೂನ್ 24. ಅಮೆರಿಕದ ಸ್ಟ್ಯಾನ್‌ಫರ್ಡ್ ಕ್ರೀಡಾಂಗಣ. ಎದುರಾಳಿ ಯಾರು? ಬ್ರೆಜಿಲ್! ರೊಮಾರಿಯೊ ಆಗಲೇ ಒಂದು ಗೋಲು ಹೊಡೆದಾಗಿದೆ. 63ನೇ ನಿಮಿಷ. ಬೆಬೆಟೊ ಚೆಂಡು ಹಿಡಿದು ಗೋಲಿನತ್ತ ನುಗ್ಗುತ್ತಿದ್ದಾರೆ. ಕ್ಯಾಮರೂನಿನ ಡಿಫೆಂಡರ್ ಅವರನ್ನು ಕೆಡವುತ್ತಾನೆ. ರೆಫ್ರಿಯ ಕೈ ಜೇಬಿಗೆ ಹೋಗುತ್ತದೆ. ರೆಡ್ ಕಾರ್ಡ್!

ಆ ಡಿಫೆಂಡರ್‌ನ ವಯಸ್ಸೆಷ್ಟು ಹೇಳಿ ನೋಡೋಣ. ಇಪ್ಪತ್ತೈದು? ಇಪ್ಪತ್ತೊಂದು?

17 ವರ್ಷ 358 ದಿನ! ಹದಿನೆಂಟು ತುಂಬಲು ಇನ್ನೂ ಒಂದು ವಾರ ಬಾಕಿ. ವಿಶ್ವಕಪ್‌ನಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಯಾರೂ ರೆಡ್ ಕಾರ್ಡ್ ಪಡೆದಿರಲಿಲ್ಲ. ಆಮೇಲೆ ನಡೆದ ಏಳು ವಿಶ್ವಕಪ್‌ಗಳಲ್ಲೂ ಆ ದಾಖಲೆ ಅಲುಗಲಿಲ್ಲ.

ಮುಂದೇನಾಯಿತು? ಹತ್ತೇ ಜನರಾದ ಕ್ಯಾಮರೂನಿಗೆ ಇನ್ನೆರಡು ಗೋಲು ಬಿದ್ದವು. ಕೊನೆಯದನ್ನು ಹೊಡೆದವರು ಯಾರು ಗೊತ್ತೇ? ಬೆಬೆಟೊ! ಸಾಂಗ್ ಯಾರನ್ನು ಕೆಡವಿದ್ದನೋ ಅವರೇ!

ಅದೇ ತಂಡದಲ್ಲಿದ್ದ ಇನ್ನೊಬ್ಬರನ್ನು ನೋಡಿ. ರೋಜರ್ ಮಿಲ್ಲಾ. ಆಗ ಅವರಿಗೆ 42 ವರ್ಷ! ಒಬ್ಬನಿಗೆ ಇನ್ನೂ ಹದಿನೆಂಟಾಗಿಲ್ಲ, ಇನ್ನೊಬ್ಬರಿಗೆ ನಲವತ್ತೆರಡು ದಾಟಿದೆ. ನಡುವಿನ ಅಂತರ 24 ವರ್ಷ 42 ದಿನ. ತಂದೆ-ಮಗನ ಅಂತರ ಅದು. ಇಬ್ಬರದೂ ಒಂದೇ ಹಸಿರು ಅಂಗಿ.

ವಿಶ್ವಕಪ್‌ನಲ್ಲಿ ಹೀಗೆ ಮುಖಭಂಗವಾದ ಮೇಲೆ ಹುಡುಗ ಮೆತ್ತಗಾದನೇ? ಇಲ್ಲ!

1998ರ ಜೂನ್ 23. ಫ್ರಾನ್ಸಿನ ನಾಂಟ್. ಎದುರಾಳಿ ಚಿಲಿ. ಗೆದ್ದರಷ್ಟೇ ಮುಂದಿನ ಸುತ್ತು. ದ್ವಿತೀಯಾರ್ಧ ಶುರುವಾಗಿ ಆರೇ ನಿಮಿಷ. ಸಾಂಗ್ ಮೊಣಕೈ ಚಿಲಿಯ ಮಾರ್ಸೆಲೊ ಸಲಾಸ್‌ಗೆ ತಗುಲುತ್ತದೆ. ಮತ್ತೆ ರೆಡ್ ಕಾರ್ಡ್! ಎರಡನೇ ವಿಶ್ವಕಪ್, ಎರಡನೇ ರೆಡ್ ಕಾರ್ಡ್, ಇನ್ನೂ 21 ವರ್ಷ!

ಹತ್ತು ಜನರ ಕ್ಯಾಮರೂನ್ ಕುಸಿಯಿತೆಂದುಕೊಂಡಿರಾ? ಐದೇ ನಿಮಿಷದಲ್ಲಿ ಪ್ಯಾಟ್ರಿಕ್ ಎಂಬೋಮಾ ಹೆಡರ್ ಹೊಡೆದು ಸಮ ಮಾಡಿದರು! 1-1. ಆದರೆ ಡ್ರಾ ಸಾಲಲಿಲ್ಲ. ಊರಿನ ದಾರಿ ಹಿಡಿಯಬೇಕಾಯಿತು.

ಇಷ್ಟಾದ ಮೇಲೆ ಯಾವ ಕೋಚ್ ಈ ಹುಡುಗನನ್ನು ನೆಚ್ಚಿಕೊಳ್ಳುತ್ತಾರೆ? ದೊಡ್ಡ ಪಂದ್ಯದಲ್ಲಿ ತಲೆ ಕೆಡಿಸಿಕೊಳ್ಳುವವನು ಎಂಬ ಹಣೆಪಟ್ಟಿ ಅಂಟಿಬಿಟ್ಟಿದೆ. ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ! 2000ದ ಫೆಬ್ರುವರಿ 13. ನೈಜೀರಿಯದ ಲಾಗೋಸ್. ಆಫ್ರಿಕಾ ಕಪ್ ಆಫ್ ನೇಷನ್ಸ್ ಫೈನಲ್. ಆತಿಥೇಯ ನೈಜೀರಿಯವೇ ಎದುರಾಳಿ. ಕ್ರೀಡಾಂಗಣ ಪೂರ್ತಿ ಅವರದೇ ಜನ, ಅವರದೇ ಕೂಗು. ಪಂದ್ಯ 2-2. ಪೆನಾಲ್ಟಿ ಶೂಟೌಟ್!

ಈ ಕ್ಷಣವನ್ನು ಹತ್ತಿರದಿಂದ ನೋಡಿ. ನೈಜೀರಿಯದ ವಿಕ್ಟರ್ ಇಕ್ಪೆಬಾ ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಕೆಳಗೆ ಬೀಳುತ್ತದೆ. ಎಲ್ಲಿ ಬಿತ್ತು? ಗೆರೆಯ ಒಳಗಾ, ಹೊರಗಾ? ಟಿವಿ ಮರುಪ್ರಸಾರದಲ್ಲಿ ಒಳಗೆ ಬಿದ್ದಂತೆಯೇ ಕಾಣುತ್ತದೆ. ರೆಫ್ರಿ ಗೋಲಿಲ್ಲ ಎನ್ನುತ್ತಾರೆ! ನೈಜೀರಿಯದ ಜನ ಇವತ್ತಿಗೂ ಆ ತೀರ್ಪನ್ನು ಕ್ಷಮಿಸಿಲ್ಲ.

ಈಗ ಒಂದೇ ಒಂದು ಒದೆತ. ಬಿದ್ದರೆ ಕಪ್ ಕ್ಯಾಮರೂನಿಗೆ. ಚೆಂಡಿನತ್ತ ನಡೆದು ಬರುತ್ತಿರುವವರು ಯಾರು? ಸ್ಟ್ರೈಕರ್ ಅಲ್ಲ. ಎರಡು ವಿಶ್ವಕಪ್‌ಗಳಿಂದ ಹೊರದಬ್ಬಿಸಿಕೊಂಡ 23 ವರ್ಷದ ಡಿಫೆಂಡರ್ ರಿಗೊಬರ್ಟ್ ಸಾಂಗ್!

ಓಡಿದರು. ಒದ್ದರು. ಗೋಲು!

ಕ್ಯಾಮರೂನ್ ಆಫ್ರಿಕಾದ ಚಾಂಪಿಯನ್! ಎರಡು ವರ್ಷ ಕಳೆದು ಮಾಲಿಯ ಬಮಾಕೊದಲ್ಲಿ ಮತ್ತೆ ಫೈನಲ್, ಮತ್ತೆ ಶೂಟೌಟ್, ಮತ್ತೆ ಕಪ್. ಅಷ್ಟರಲ್ಲಿ ಸಾಂಗ್ ನಾಯಕ. ಆ ದಿನ ಕೊನೆಯ ಪೆನಾಲ್ಟಿ ಕೈಚೆಲ್ಲಿದ ಸೆನೆಗಲ್ ನಾಯಕ ಅಲಿಯು ಸಿಸ್ಸೆ. ಇಪ್ಪತ್ತು ವರ್ಷಗಳ ನಂತರ ಕತಾರ್ ವಿಶ್ವಕಪ್‌ಗೆ ಇಬ್ಬರೂ ತಮ್ಮ ತಮ್ಮ ದೇಶದ ಕೋಚ್ ಆಗಿ ಬಂದಿಳಿದರು. ಎಂಥ ಕಾಕತಾಳೀಯ!

ಅಂದಹಾಗೆ, ಬಮಾಕೊದ ಕಪ್ ಗೆದ್ದಾಗ ಕ್ಯಾಮರೂನ್ ಆಟಗಾರರು ತೊಟ್ಟಿದ್ದು ತೋಳಿಲ್ಲದ ಅಂಗಿ! ವಿಶ್ವಕಪ್‌ಗೆ ಅದು ಬೇಡವೇ ಬೇಡ ಎಂದಿತು ಫಿಫಾ. ಕಪ್ಪು ತೋಳು ಸೇರಿಸಿಕೊಂಡು ಆಡಿದರು. 2004ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ! ಅಂಗಿ-ಚಡ್ಡಿ ಎರಡೂ ಕೂಡಿಸಿ ಹೊಲಿದ ಒಂದೇ ಉಡುಪು. ದಂಡ ಎಷ್ಟು ಗೊತ್ತೇ? 2 ಲಕ್ಷ ಸ್ವಿಸ್ ಫ್ರಾಂಕ್. ಮೇಲೆ ವಿಶ್ವಕಪ್ ಅರ್ಹತಾ ಸುತ್ತಿನ 6 ಅಂಕ ಕಡಿತ! ಬಟ್ಟೆಗಾಗಿ! ಅಂಕಗಳು ಆಮೇಲೆ ವಾಪಸ್ ಬಂದವು, ಬಿಡಿ.

ಆದರೆ ಈ ಎರಡು ಉಡುಪುಗಳ ನಡುವಿನ 2003ರ ಒಂದು ಸಂಜೆಯನ್ನು ಕ್ಯಾಮರೂನಿಗರು ಮರೆಯಲಾರರು. ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್, ಜೂನ್ 26, ಫ್ರಾನ್ಸಿನ ಲಿಯೋನ್. ಕೊಲಂಬಿಯ ವಿರುದ್ಧ ಕ್ಯಾಮರೂನ್ 1-0 ಮುಂದಿದೆ. 72ನೇ ನಿಮಿಷ. ಮೈದಾನದ ನಡುವೆ ಮಾರ್ಕ್ ವಿವಿಯನ್ ಫೋಯೆ ಕುಸಿದುಬೀಳುತ್ತಾರೆ. ಸುತ್ತ ಯಾರೂ ಇಲ್ಲ. ಯಾರೂ ತಾಗಿಲ್ಲ. ಹೃದಯ ನಿಂತಿತ್ತು. 28 ವರ್ಷ. 1994ರ ವಿಶ್ವಕಪ್‌ನಲ್ಲಿ ಸಾಂಗ್ ಜೊತೆಗೇ ಆಡಿದ ಹದಿಹರೆಯದ ಗೆಳೆಯ ಆತ.

ಮೂರೇ ದಿನಕ್ಕೆ ಫ್ರಾನ್ಸ್ ವಿರುದ್ಧ ಫೈನಲ್. ಆಡಿದರು! ಹೆಚ್ಚುವರಿ ಸಮಯದವರೆಗೂ ಬಗ್ಗಲಿಲ್ಲ. ಕಡೆಗೆ ಥಿಯರಿ ಆನ್ರಿ ಗೋಲಿಗೆ ಸೋತರು. ಬಹುಮಾನ ವಿತರಣೆಗೆ ಆಟಗಾರರು ಫೋಯೆಯ ಆಳೆತ್ತರದ ಭಾವಚಿತ್ರವನ್ನು ಹೊತ್ತು ತಂದರು. ರನ್ನರ್ ಅಪ್ ಪದಕವೊಂದನ್ನು ಆ ಚಿತ್ರದ ಅಂಚಿಗೇ ತೂಗುಹಾಕಲಾಯಿತು. ಆ ಫೋಟೊ ನೋಡಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

2005ರ ಅಕ್ಟೋಬರ್ 8. ವಿಶ್ವಕಪ್ ಅರ್ಹತೆಯ ಕೊನೆಯ ಪಂದ್ಯ, ತವರಿನ ಯಾವುಂಡೆಯಲ್ಲಿ, ಈಜಿಪ್ಟ್ ವಿರುದ್ಧ. 1-1. 90 ನಿಮಿಷ ದಾಟಿದ ಮೇಲೆ ಕ್ಯಾಮರೂನಿಗೆ ಪೆನಾಲ್ಟಿ! ಹೊಡೆದರೆ ವಿಶ್ವಕಪ್. ಪಿಯರ್ ವೋಮೆ ಒದ್ದರು. ಟಣ್! ಕಂಬಕ್ಕೆ! ಟಿಕೆಟ್ ಐವರಿ ಕೋಸ್ಟ್ ಪಾಲಾಯಿತು.

2008ರ ಫೆಬ್ರುವರಿ 10. ಘಾನಾದ ಅಕ್ರಾ. ಆಫ್ರಿಕಾ ಕಪ್ ಫೈನಲ್, ಮತ್ತೆ ಈಜಿಪ್ಟ್. 0-0. 77ನೇ ನಿಮಿಷ. ಚೆಂಡು ಸಾಂಗ್ ಕಾಲಲ್ಲಿದೆ. ಹೊರಗೆ ಒದ್ದುಬಿಟ್ಟರೆ ಮುಗಿಯಿತು, ಅಪಾಯವೇ ಇಲ್ಲ. ಒದೆಯಲಿಲ್ಲ. ಮೈ ಅಡ್ಡವಿಟ್ಟು ಕಾಪಾಡಿಕೊಳ್ಳಲು ನೋಡಿದರು. ಬೆನ್ನು ಬಿದ್ದ ಈಜಿಪ್ಟಿನ ಮೊಹಮದ್ ಜಿದಾನ್ ಮುಗ್ಗರಿಸಿದರು. ಎದ್ದರು. ಮತ್ತೆ ಮೇಲೆರಗಿದರು. ಕಸಿದೇಬಿಟ್ಟರು! ಎದುರಿಗೆ ಅವರದೇ ತಂಡದ ಅಬೂತ್ರಿಕಾ. ಗೋಲು. ಈಜಿಪ್ಟಿಗೆ ಕಪ್!

ಲಾಗೋಸಿನಲ್ಲಿ ಕಪ್ ಗೆದ್ದುಕೊಟ್ಟ ಕಾಲು, ಅಕ್ರಾದಲ್ಲಿ ಅದನ್ನೇ ಕಳೆದುಕೊಟ್ಟಿತು. ಎರಡೂ ಫೈನಲ್! ಎರಡೂ ಇಡೀ ಖಂಡದ ಕಣ್ಣೆದುರು! ಇಂಥ ಎರಡು ತುದಿಗಳನ್ನು ಒಬ್ಬನೇ ಮುಟ್ಟಿ ಬಂದ ಡಿಫೆಂಡರ್ ಇನ್ನೊಬ್ಬರಿದ್ದರೆ ಹೇಳಿ.

ಆಫ್ರಿಕಾ ಕಪ್‌ನಲ್ಲಿ ಅವರು ಎಷ್ಟು ಟೂರ್ನಿ ಆಡಿರಬಹುದು? ನಾಲ್ಕು? ಐದು? ಎಂಟು! 1996ರಿಂದ 2010ರವರೆಗೆ ಒಂದನ್ನೂ ಬಿಡದೆ. ಅದರಲ್ಲಿ 35 ಪಂದ್ಯ ಸತತವಾಗಿ! ವಿಶ್ವಕಪ್‌ನಲ್ಲಿ ಎರಡೆರಡು ಸಲ ಹೊರಬಿದ್ದ ಅದೇ ಮನುಷ್ಯ ಇಲ್ಲಿ ಒಂದು ಪಂದ್ಯವನ್ನೂ ತಪ್ಪಿಸದೆ ವರ್ಷಗಟ್ಟಲೆ ನಿಂತಿದ್ದಾರೆ. ದೇಶದ ಪರ ಒಟ್ಟು 137 ಪಂದ್ಯ. ಕ್ಯಾಮರೂನಿನ ದಾಖಲೆ ಅದು.

2009ರಲ್ಲಿ ಕೋಚ್ ಪಾಲ್ ಲೆ ಗುಯೆನ್ ನಾಯಕತ್ವವನ್ನು ಅವರಿಂದ ಕಿತ್ತು ಸ್ಯಾಮುಯೆಲ್ ಎಟೊಗೆ ಕೊಟ್ಟರು. ಆದರೂ 2010ರ ವಿಶ್ವಕಪ್ ತಂಡದಲ್ಲಿ ಸಾಂಗ್ ಇದ್ದರು. ಕೇಪ್‌ಟೌನ್. ನೆದರ್ಲೆಂಡ್ಸ್ ವಿರುದ್ಧ ಬದಲಿ ಆಟಗಾರನಾಗಿ ಇಳಿದರು. ವಿಶ್ವಕಪ್‌ನಲ್ಲಿ ಅದೇ ಅವರ ಕೊನೆಯ ಆಟ.

ತಾರೀಖು ಕೇಳಿ. ಜೂನ್ 24! ಬೆಬೆಟೊನನ್ನು ಕೆಡವಿ ಹೊರನಡೆದ ದಿನವೇ! ಸರಿಯಾಗಿ 16 ವರ್ಷ! ಇದನ್ನು ಕಥೆಗಾರರು ಬರೆದಿದ್ದರೆ ನಂಬುತ್ತಿದ್ದೆವೇ?

ಆ ತಂಡದಲ್ಲಿ ಅವರ ಅಣ್ಣನ ಮಗನ ವರಸೆಯ ಅಲೆಕ್ಸ್ ಸಾಂಗ್ ಕೂಡ ಇದ್ದರು. ಈ ಅಲೆಕ್ಸ್ 2014ರ ವಿಶ್ವಕಪ್‌ನಲ್ಲಿ ಏನು ಮಾಡಿದರು, ಊಹಿಸಬಲ್ಲಿರಾ? ಕ್ರೊವೇಷ್ಯದ ಮಾಂಜುಕಿಚ್ ಬೆನ್ನಿಗೆ ಮೊಣಕೈಯಲ್ಲಿ ಹೊಡೆದರು. ರೆಡ್ ಕಾರ್ಡ್! ಒಂದೇ ಮನೆತನಕ್ಕೆ ವಿಶ್ವಕಪ್‌ನ ಮೂರು ರೆಡ್ ಕಾರ್ಡ್!

2016ರ ಅಕ್ಟೋಬರ್. ಯಾವುಂಡೆಯ ಮನೆಯಲ್ಲಿ ಸಾಂಗ್ ಕುಸಿದುಬಿದ್ದರು. ಮೆದುಳಿನ ರಕ್ತನಾಳದ ಸಮಸ್ಯೆ. ಆಗ 40 ವರ್ಷ. ಎರಡು ದಿನ ಪ್ರಜ್ಞೆಯೇ ಇಲ್ಲ. ವಿಮಾನದಲ್ಲಿ ಪ್ಯಾರಿಸ್‌ಗೆ ಕರೆದೊಯ್ದರು. ಬದುಕಿದರು! ಮತ್ತೆ ಮೈದಾನದ ಅಂಚಿಗೆ ಬಂದು ನಿಂತರು!

2022ರ ಫೆಬ್ರುವರಿ ಕೊನೆಗೆ ಕ್ಯಾಮರೂನ್ ತಂಡಕ್ಕೆ ಹೊಸ ಕೋಚ್. ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷ ಯಾರು? ಎಟೊ. ಕೋಚ್ ಯಾರು? ಸಾಂಗ್! ಕೈಯಲ್ಲಿರುವುದು ಒಂದೇ ತಿಂಗಳು. ಅಲ್ಜೀರಿಯವನ್ನು ಎರಡು ಪಂದ್ಯಗಳ ಹಣಾಹಣಿಯಲ್ಲಿ ಮೀರಿಸಿದರಷ್ಟೇ ವಿಶ್ವಕಪ್. ತವರಿನ ಮೊದಲ ಪಂದ್ಯದಲ್ಲೇ 0-1 ಸೋಲು!

ಅಲ್ಜೀರಿಯದ ಬ್ಲಿಡಾದಲ್ಲಿ ಎರಡನೇ ಪಂದ್ಯ. ಎರಡೂ ಪಂದ್ಯ ಸೇರಿ ಗೋಲು ಸಮ. ಹೆಚ್ಚುವರಿ ಸಮಯ. 118ನೇ ನಿಮಿಷದಲ್ಲಿ ಅಲ್ಜೀರಿಯ ಗೋಲು ಹೊಡೆದಾಗ ಎಲ್ಲ ಮುಗಿದೇಹೋಗಿತ್ತು. ಮುಗಿದಿತ್ತೇ? 124ನೇ ನಿಮಿಷ! ಟೊಕೊ ಎಕಾಂಬಿ! ಗೋಲು! ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಕ್ಯಾಮರೂನ್ ಕತಾರಿಗೆ!

ಅಲ್ಲೂ ಶಾಂತಿ ಇರಲಿಲ್ಲ. ಗೋಲ್‌ಕೀಪರ್ ಆಂಡ್ರೆ ಒನಾನಾ ಜೊತೆ ಜಟಾಪಟಿ. ಟೂರ್ನಿಯ ನಡುವೆಯೇ ಸಾಂಗ್ ಅವರನ್ನು ಕೈಬಿಟ್ಟರು! ಸರ್ಬಿಯ ಜೊತೆ 3-3. ಕೊನೆಯ ಗುಂಪು ಪಂದ್ಯಕ್ಕೆ ಎದುರಾಳಿ ಯಾರು?

ಬ್ರೆಜಿಲ್!

ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. 12.30ಕ್ಕೆ ಶುರುವಾದ ಪಂದ್ಯ ಎರಡು ಗಂಟೆ ದಾಟಿದರೂ 0-0. ಬ್ರೆಜಿಲ್ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟಿತ್ತು, ನಿಜ. ಆದರೂ ಬ್ರೆಜಿಲ್ ಬ್ರೆಜಿಲ್ಲೇ! 92ನೇ ನಿಮಿಷ. ಬಲಗಡೆಯಿಂದ ಕ್ರಾಸ್. ನಾಯಕ ವಿನ್ಸೆಂಟ್ ಅಬೂಬಕರ್ ತಲೆಕೊಟ್ಟರು. ಗೋಲು!

ಅಬೂಬಕರ್ ಅಂಗಿ ಕಳಚಿ ಮೂಲೆಯತ್ತ ಓಡಿದರು. ಅಂಗಿ ಕಳಚಿದರೆ ಹಳದಿ ಕಾರ್ಡ್. ಅವರಿಗೆ ಆಗಲೇ ಒಂದು ಬಿದ್ದಿತ್ತು! ರೆಫ್ರಿ ಇಸ್ಮಾಯಿಲ್ ಎಲ್ಫಾತ್ ನಗುತ್ತಾ ಬಂದರು. ಕೈ ಕುಲುಕಿದರು. ಆಮೇಲೆ ರೆಡ್ ಕಾರ್ಡ್ ತೋರಿಸಿದರು! ಅಬೂಬಕರ್ ಕೂಡ ನಗುತ್ತಲೇ ಹೊರಟರು. ರೆಡ್ ಕಾರ್ಡಿಗೆ ಇಷ್ಟು ಸಂತೋಷದ ಮುಖ ನೀವೆಲ್ಲಾದರೂ ಕಂಡಿದ್ದೀರಾ?

ವಿಶ್ವಕಪ್‌ನ ಒಂದೇ ಪಂದ್ಯದಲ್ಲಿ ಗೋಲೂ ಹೊಡೆದು ರೆಡ್ ಕಾರ್ಡೂ ಪಡೆದವರು ಅದಕ್ಕೆ ಮೊದಲು ಯಾರು ಗೊತ್ತೇ? 2006ರ ಫೈನಲ್‌ನ ಜಿದಾನ್! ಇಲ್ಲೂ ಜಿದಾನ್!

ಬ್ರೆಜಿಲ್ 0, ಕ್ಯಾಮರೂನ್ 1. ವಿಶ್ವಕಪ್‌ನಲ್ಲಿ ಬ್ರೆಜಿಲನ್ನು ಮಣಿಸಿದ ಮೊಟ್ಟಮೊದಲ ಆಫ್ರಿಕನ್ ತಂಡ! ಅತ್ತ ಸ್ವಿಟ್ಜರ್ಲೆಂಡ್ ಸರ್ಬಿಯವನ್ನು ಸೋಲಿಸಿದ್ದರಿಂದ ಮುಂದಿನ ಸುತ್ತು ತಪ್ಪಿತು. ಆದರೆ ಇದಕ್ಕೆ ಮೊದಲು ಕ್ಯಾಮರೂನ್ ವಿಶ್ವಕಪ್‌ನಲ್ಲಿ ಒಂದು ಪಂದ್ಯ ಗೆದ್ದಿದ್ದು ಯಾವಾಗ? 2002ರಲ್ಲಿ, ಸೌದಿ ಅರೇಬಿಯಾ ವಿರುದ್ಧ. ಅವತ್ತಿನ ನಾಯಕ ರಿಗೊಬರ್ಟ್ ಸಾಂಗ್! ಇಪ್ಪತ್ತು ವರ್ಷಗಳ ಅಂತರದ ಎರಡು ಗೆಲುವು, ಎರಡರ ಚುಕ್ಕಾಣಿಯಲ್ಲೂ ಒಬ್ಬರೇ!

2024ರ ಆರಂಭದಲ್ಲಿ ಆಫ್ರಿಕಾ ಕಪ್‌ನಲ್ಲಿ ನೈಜೀರಿಯ ಎದುರು ಸೋತಾಗ ಆ ಹುದ್ದೆಯೂ ಹೋಯಿತು. ಮನೆಗೆ ಹೋದರೇ? ಅದೇ ವರ್ಷ ಇನ್ನೊಂದು ದೇಶದ ಕೋಚ್ ಆದರು. ಯಾವ ದೇಶ? ಅಲ್ಲಿಯವರೆಗೆ ಒಮ್ಮೆಯೂ ಆಫ್ರಿಕಾ ಕಪ್‌ಗೆ ಅರ್ಹತೆ ಪಡೆಯದ ಮಧ್ಯ ಆಫ್ರಿಕಾ ಗಣರಾಜ್ಯ!